ತೂತಿನ ಪೆಟ್ಟಿಗೆ

ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನು ಕಾಲೇಜಿನ ಸಂಚಿಕೆಗೆ ಲೇಖನ ಬರೆಯಬೇಕಾದರೆ ಕುಮಾರವ್ಯಾಸನ ಬಗೆಗೋ ನಮ್ಮ ಸಂವಿಧಾನದ ಬಗೆಗೋ ಬರೆಯುವುದು ಸಂಪ್ರದಾಯ. ನಾನು ಒಂದು ಮರದ ಪೆಟ್ಟಿಗೆಯ ವಿಷಯ ಬರೆಯಹೊರಟಿದ್ದೇನೆ. ವಾಚಕರು ಮುಗುಳ್ನಕ್ಕರೆ ನನಗೇನೂ ಬೇಸರವಿಲ್ಲ. ಈ ಪೆಟ್ಟಿಗೆಯ ದೆಸೆಯಿಂದ ನಾನು ಈಗಾಗಲೇ ತರಗತಿಯಲ್ಲಿ ಸಾಕಷ್ಟು ನಗೆಗೆ ಗುರಿಯಾಗಿದ್ದೇನೆ. "ಮೂರು ವರ್ಷ ಬಿ.ಎ. ಓದಿ ಕೊನೆಗೆ ಬಡಗಿಯಾದೆಯೇನೋ?" ಎಂದು ಗೆಳೆಯನೊಬ್ಬ ಕೇಳಿದ. ನಮ್ಮ ತಂದೆಯವರೇ ಹಲಸೂರಿನ ಒಂದು ಅಂಗಡಿಯಲ್ಲಿ ಬಡಗಿಗಳೆಂಬುದು ಅವನಿಗೆ ಗೊತ್ತಿರಲಿಲ್ಲ. ಆಗ ನಾನು ಅದನ್ನು ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ.

ನಡೆದುದಿಷ್ಟು. ಕಳೆದ ಬೇಸಗೆ ರಜೆಯಲ್ಲಿ ಶಿವಾಜಿನಗರದ ಹಳೆಯ ಸಾಮಾನಿನ ಬೀದಿಯಲ್ಲಿ ಒಂದು ಕಾರಿನಿಂದ ಕಳಚಿದ ಹತ್ತು ಅಂಗುಲದ ವೂಫರ್ 900 ರೂಪಾಯಿಗೆ ಸಿಕ್ಕಿತು. ಅದನ್ನು ಮನೆಗೆ ತಂದು ಹಾಗೆಯೇ ನೆಲದ ಮೇಲಿಟ್ಟು ನುಡಿಸಿದರೆ ಸೊಳ್ಳೆಯ ಧ್ವನಿ! ತಟ್ಟೆ ಮುಂದಕ್ಕೆ ತಳ್ಳಿದ ಗಾಳಿ ಅಂಚನ್ನು ಬಳಸಿ ಹಿಂದಕ್ಕೆ ಹೋಗಿಬಿಡುತ್ತದೆ. ಮುಂದಿನ ಅಲೆಯನ್ನು ಹಿಂದಿನ ಅಲೆ ನುಂಗುತ್ತದೆ. ಆದ್ದರಿಂದಲೇ ಪೆಟ್ಟಿಗೆ ಬೇಕು. ಪೂರ್ತಿ ಮುಚ್ಚಿದ ಪೆಟ್ಟಿಗೆಯಾದರೆ ಹಿಂದಿನ ಅಲೆ ಒಳಗೇ ಸಾಯುತ್ತದೆ. ಆ ಸಾಯುವ ಅರ್ಧವನ್ನೂ ದುಡಿಸಿಕೊಳ್ಳುವ ಉಪಾಯವೇ ಕೊಳವೆಯಿಟ್ಟ ಪೆಟ್ಟಿಗೆ. ಅಮೆರಿಕದ ಬೆಲ್ ಪ್ರಯೋಗಾಲಯದ ಆಲ್ಬರ್ಟ್ ಥೂರಾಸ್ ಎಂಬಾತನಿಗೆ 1932ರಲ್ಲಿ ಇದಕ್ಕೆ ಪೇಟೆಂಟು ದೊರೆಯಿತು.

ಇದರ ಮರ್ಮ ನಮಗೇನೂ ಹೊಸದಲ್ಲ. ಘಟವಾದ್ಯವನ್ನು ನೋಡಿ. ಒಳಗಿನ ಗಾಳಿ ಸ್ಪ್ರಿಂಗಿನಂತೆ; ಕೊರಳಲ್ಲಿರುವ ಗಾಳಿ ಆ ಸ್ಪ್ರಿಂಗಿನ ತುದಿಗೆ ಕಟ್ಟಿದ ಭಾರದಂತೆ. ಎರಡೂ ಸೇರಿ ತಮ್ಮದೇ ಒಂದು ಶ್ರುತಿಯಲ್ಲಿ ಮಿಡಿಯುತ್ತವೆ. ವಿದ್ವಾಂಸರು ಘಟದ ಬಾಯನ್ನು ಹೊಟ್ಟೆಗೊತ್ತಿ ಅದರ ನಾದವನ್ನು ಬದಲಿಸುವುದನ್ನು ಕಛೇರಿಗಳಲ್ಲಿ ಎಲ್ಲರೂ ಕಂಡಿದ್ದೇವೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರ ತನ್ನ ಗ್ರಂಥದಲ್ಲಿ ಇಂಥ ಪಾತ್ರೆಗಳ ನಾದವನ್ನು ವಿವರಿಸಿದ. ಪೆಟ್ಟಿಗೆ ದೊಡ್ಡದಾದಷ್ಟೂ, ಕೊಳವೆ ಉದ್ದವಾದಷ್ಟೂ ಶ್ರುತಿ ಇಳಿಯುತ್ತದೆ; ಕೊಳವೆಯ ಬಾಯಿ ಅಗಲವಾದಷ್ಟೂ ಏರುತ್ತದೆ. ಆ ಶ್ರುತಿಯ ಬಳಿ ವೂಫರಿನ ತಟ್ಟೆ ಬಹುಮಟ್ಟಿಗೆ ಸುಮ್ಮನಿದ್ದು, ಕೊಳವೆಯೊಳಗಿನ ಗಾಳಿಯೇ ಹೆಚ್ಚು ಹಾಡುತ್ತದೆ. ಅದಕ್ಕಿಂತ ಕೆಳಗಿಳಿದರೆ ಮಾತ್ರ ಅಪಾಯ. ತಟ್ಟೆಗೆ ಹಿಡಿತ ತಪ್ಪಿ, ಲಗಾಮಿಲ್ಲದ ಕುದುರೆಯಂತೆ ಜಿಗಿಯತೊಡಗುತ್ತದೆ. ಅಷ್ಟು ತಗ್ಗಿನ ಸ್ವರಗಳನ್ನು ಆಂಪ್ಲಿಫೈಯರಿನಲ್ಲೇ ತಡೆಯಬೇಕು.

ಇಷ್ಟನ್ನು ಓದಿಕೊಂಡ ನಾನು ಲೆಕ್ಕಕ್ಕೆ ಕುಳಿತೆ. ನಮ್ಮದು ಕಲಾ ಕಾಲೇಜು. ಭೌತಶಾಸ್ತ್ರದ ಪ್ರಯೋಗಶಾಲೆ ಇಲ್ಲ. ಕೃಷ್ಣರಾಜಪುರದ ಮಿತ್ರನೊಬ್ಬನ ಆಂಪ್ಲಿಫೈಯರು, ಒಂದು ಮಲ್ಟಿಮೀಟರು, ಒಂದು ರೆಸಿಸ್ಟರು, ಸ್ವರ ಹೊರಡಿಸುವ ಮೊಬೈಲು ಇವೇ ನನ್ನ ಉಪಕರಣಗಳು. ತಟ್ಟೆಯ ಮೇಲೆ ನಾಣ್ಯಗಳನ್ನಂಟಿಸಿ, ಅದರ ಸಹಜ ಕಂಪನ ಎಷ್ಟು ಇಳಿಯುತ್ತದೆಂದು ನೋಡಿ, ಸ್ಪೀಕರಿನ ಗುಣಗಳನ್ನು ಕಂಡುಹಿಡಿಯಬಹುದು. ಈ ಗುಣಗಳಿಂದ ಪೆಟ್ಟಿಗೆಯ ಅಳತೆಯನ್ನು ಹೊರಡಿಸುವ ದಾರಿಯನ್ನು ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿ ತೋರಿಸಿದರು. 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ವಿಸ್ತರಿಸಿದರು. ನನಗೆ ಬಂದ ಉತ್ತರ: ಒಳಗೆ ನಿವ್ವಳ 50 ಲೀಟರು ಗಾಳಿ, ಸೆಕೆಂಡಿಗೆ 32 ಕಂಪನದ ಶ್ರುತಿ. ಸ್ಪೀಕರು, ಕೊಳವೆ, ಒಳಗಿನ ಪಟ್ಟಿಗಳು ತಿನ್ನುವ ಜಾಗವನ್ನೂ ಸೇರಿಸಿದರೆ 57 ಲೀಟರು. ಎಂದರೆ ಒಳ ಅಳತೆ 36, 36, 44 ಸೆಂಟಿಮೀಟರು.

ಚೀಟಿಯನ್ನು ತಂದೆಯವರ ಮುಂದಿಟ್ಟೆ. ಅವರು ಅದನ್ನು ಮುಟ್ಟಲೂ ಇಲ್ಲ. "ನಿನ್ನನ್ನು ಓದಿಸಿದ್ದು ಗರಗಸ ಹಿಡಿಯಲಿಕ್ಕೇನೋ?" ಎಂದರು.

ನಮ್ಮ ವಂಶದಲ್ಲಿ ಪದವಿ ತರಗತಿಗೆ ಬಂದವನು ನಾನೇ ಮೊದಲಿಗ. ಚಿಕ್ಕಂದಿನಿಂದಲೂ ಅವರು ನನ್ನನ್ನು ಉಳಿ ಬಾಚಿಗಳ ಹತ್ತಿರ ಸುಳಿಯಗೊಟ್ಟಿಲ್ಲ. ಗಾಯವಾದೀತೆಂಬ ಭಯ ಅದಲ್ಲ. ಕೈಗೆ ರೂಢಿಯಾದೀತೆಂಬ ಭಯ. ಎರಡು ದಿನ ನಾವಿಬ್ಬರೂ ಮಾತಾಡಲಿಲ್ಲ. ಮೂರನೆಯ ದಿನ ನಾನೇ ಅರ್ಧ ಹಲಗೆ ಹದಿನೆಂಟು ಮಿಲಿಮೀಟರಿನ ಪ್ಲೈವುಡ್ ತಂದು ಕೊಯ್ಯಲಾರಂಭಿಸಿದೆ. ಸೊಟ್ಟಗೆ ಹೋಯಿತು. ಹೊಸಿಲಲ್ಲಿ ನಿಂತು ನೋಡುತ್ತಿದ್ದವರಿಗೆ ತಡೆಯಲಾಗಲಿಲ್ಲ. "ಮರ ಹಾಳು ಮಾಡಬೇಡ, ಈಚೆ ಕೊಡು" ಎಂದು ಗರಗಸ ಕಸಿದುಕೊಂಡರು. ನನ್ನ ಸೆಂಟಿಮೀಟರುಗಳನ್ನು ಕ್ಷಣದಲ್ಲಿ "ಹದಿನಾಲ್ಕು ಅಂಗುಲ ಒಂದು ನೂಲು, ಹದಿನೇಳು ಅಂಗುಲ ಎರಡೂವರೆ ನೂಲು" ಎಂದು ತಮ್ಮ ಭಾಷೆಗೆ ತಿರುಗಿಸಿಕೊಂಡರು. ಅಂಗುಲಕ್ಕೆ ಎಂಟು ನೂಲು. ನಾನು ಮನೆಗೆ ಹೋಗಿ ಲೆಕ್ಕ ಹಾಕಿ ನೋಡಿದೆ, ಒಂದೂವರೆ ಮಿಲಿಮೀಟರಿನಷ್ಟೂ ವ್ಯತ್ಯಾಸವಿರಲಿಲ್ಲ.

ಕೀಲುಗಳಿಗೆ ಫೆವಿಕಾಲಿನಲ್ಲಿ ಕಲಸಿದ ಮರದ ಹುಡಿ ತುಂಬಿ, ಒಳಗೊಂದು ದೀಪವಿಟ್ಟು, ಕತ್ತಲಲ್ಲಿ ಬೆಳಕು ಎಲ್ಲಾದರೂ ಸೋರುತ್ತದೆಯೇ ಎಂದು ನೋಡಿದವರೂ ಅವರೇ. ಅಷ್ಟೆಲ್ಲ ಮಾಡಿದ ಮೇಲೆ ಮುಂಭಾಗದಲ್ಲಿ ಇನ್ನೊಂದು ರಂಧ್ರ ಕೊರೆಯಬೇಕೆಂದಾಗ ಅವರಿಗೆ ರೇಗಿತು. "ಗಾಳಿಯಾಡದ ಹಾಗೆ ಭದ್ರ ಮಾಡಿಸಿ, ಈಗ ತೂತು ಮಾಡು ಅಂತೀಯಲ್ಲ! ಓದಿದವರ ಬುದ್ಧಿ." ಘಟದ ಉದಾಹರಣೆ ಕೊಟ್ಟೆ. ಅವರು ಒಪ್ಪಿದರು. ನನಗೆ ಲೆಕ್ಕದಿಂದ ತಿಳಿದದ್ದು ಅವರಿಗೆ ಮಡಕೆಯಿಂದ ತಿಳಿಯಿತು.

ನನ್ನ ಓದಿನ ಗರ್ವ ಇಳಿದದ್ದು ಅದೇ ತೂತಿನಲ್ಲಿ. ಉಳಿತಾಯಕ್ಕೆಂದು ಮೂರಂಗುಲದ ತೆಳು ಪೈಪಿನ 20 ಸೆಂಟಿಮೀಟರ್ ತುಂಡು ಹಾಕಿದ್ದೆ. ಶ್ರುತಿ ಸರಿಯಾಗಿಯೇ ಬಂತು. ಆದರೆ ಸದ್ದು ಏರಿಸಿದೊಡನೆ ಪೈಪು ಉಬ್ಬಸದ ರೋಗಿಯಂತೆ ಏದುಸಿರು ಬಿಟ್ಟಿತು. ಕಿರಿದಾದ ಬಾಯಲ್ಲಿ ಗಾಳಿಯ ವೇಗ ಮಿತಿಮೀರಿದರೆ ಹೀಗಾಗುತ್ತದೆ. ನಾಲ್ಕಂಗುಲದ ಪೈಪಾದರೆ ವೇಗ ತಗ್ಗುತ್ತದೆ, ಆದರೆ ಅದೇ ಶ್ರುತಿಗೆ ಉದ್ದ 39 ಸೆಂಟಿಮೀಟರ್ ಬೇಕು. ಹಿಂದಿನ ಗೋಡೆಗೂ ಪೈಪಿಗೂ ನಡುವೆ ಏಳು ಸೆಂಟಿಮೀಟರೂ ಉಳಿಯದು. ನಾನು ಮತ್ತೆ ಕಾಗದ ಹಿಡಿದು ಕುಳಿತೆ. "ನೀರಿನ ಪೈಪಿಗೆ ಹಾಕುವ ಹಾಗೆ ಎಲ್ಬೋ ಹಾಕಿ ತಿರುಗಿಸೋ" ಎಂದರು ತಂದೆ, ತಲೆಯೆತ್ತದೆ.

ಈಗ ನನ್ನ ಅಭಿಪ್ರಾಯ. ಓದಿದವನು ಉಪಕರಣ ಹಿಡಿಯಬಾರದು, ಉಪಕರಣ ಹಿಡಿದವನಿಗೆ ಓದು ಬೇಡ ಎಂಬ ವಿಭಜನೆ ನಮ್ಮಲ್ಲಿ ಎಷ್ಟು ಆಳವಾಗಿದೆಯೆಂದರೆ, ಅದರಿಂದ ನೊಂದವರೇ ಅದನ್ನು ಕಾಪಾಡುತ್ತಿದ್ದಾರೆ. ಮೃದಂಗದ ಬಲಮುಖಕ್ಕೆ ಕಪ್ಪು ಕರಣೆ ಹಚ್ಚಿದವರು ಚರ್ಮಕಾರರು, ಕುಶಲಕರ್ಮಿಗಳು. ಆ ಕರಣೆಯ ಭಾರದಿಂದಲೇ ಚರ್ಮದ ಮೇಲುಸ್ವರಗಳು ಶ್ರುತಿಬದ್ಧವಾಗುತ್ತವೆ ಎಂದು 1920ರಲ್ಲಿ ತೋರಿಸಿಕೊಟ್ಟವರು ಸಿ. ವಿ. ರಾಮನ್ ಮತ್ತು ಶಿವಕಾಲಿ ಕುಮಾರ್. ರಾಮನ್ ಬೆಂಗಳೂರಿಗೆ ಬಂದ ಮೇಲೂ, 1934ರಲ್ಲಿ, ಅದೇ ವಾದ್ಯಗಳ ಬಗೆಗೆ ಬರೆದರು. ಕರಣೆ ಹಚ್ಚಿದವರ ಹೆಸರು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ನಮ್ಮ ಕಾಲೇಜಿನಲ್ಲಿ ಒಂದು ಹಳೆಯ ಕೊಠಡಿ, ಒಂದು ಮರಗೆಲಸದ ಮೇಜು, ನಾಲ್ಕು ಉಳಿ ಇದ್ದರೆ ಇತಿಹಾಸದ ವಿದ್ಯಾರ್ಥಿಗೆ ಹಾನಿಯೇನು? ಅಧ್ಯಾಪಕ ಮಹನೀಯರು ಯೋಚಿಸಬೇಕೆಂದು ಬೇಡುತ್ತೇನೆ.

ಆದರೆ ತಂದೆಯವರ ಪಕ್ಷದಲ್ಲೂ ನ್ಯಾಯವಿದೆ, ಅದನ್ನು ಮುಚ್ಚಿಡಲಾರೆ. ನಾನು ರಜೆಯಲ್ಲಿ ವಿನೋದಕ್ಕಾಗಿ ಒಂದು ಪೆಟ್ಟಿಗೆ ಮಾಡಿದೆ. ಅವರು ಮೂವತ್ತು ವರ್ಷದಿಂದ ಮರದ ಧೂಳು ಕುಡಿದು ಕೆಮ್ಮುತ್ತಿದ್ದಾರೆ. "ಕೆಲಸ ಚಂದ ಅಂತ ಬರೀಬೇಡ, ಕೂಲಿ ಎಷ್ಟು ಅಂತ ಬರಿ" ಎಂದರು, ಈ ಲೇಖನದ ಸುದ್ದಿ ಕೇಳಿ. ನನ್ನಲ್ಲಿ ಉತ್ತರವಿರಲಿಲ್ಲ.

ಇನ್ನೊಂದು ಮಾತು ನೆರೆಹೊರೆಯವರದು. 32 ಕಂಪನದ ಅಲೆಯ ಉದ್ದ ಸುಮಾರು ಹನ್ನೊಂದು ಮೀಟರು. ನಮ್ಮ ಬೀದಿಯ ಒಂದು ಇಟ್ಟಿಗೆಯ ಗೋಡೆ ಅದಕ್ಕೆ ಪರದೆಯಿದ್ದಂತೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಆದರೆ ಆ ಅಳತೆ 'ಎ' ತೂಕದ್ದು. ಮನುಷ್ಯನ ಕಿವಿಯನ್ನು ಅನುಸರಿಸಿ ತಗ್ಗಿನ ಸ್ವರಗಳನ್ನು ಕಡಮೆ ಎಣಿಸುತ್ತದೆ, 32 ಕಂಪನದ ಬಳಿ ಸುಮಾರು 39 ಡೆಸಿಬೆಲಿನಷ್ಟು ಕಡಮೆ. ಎದೆ ಅದುರುವ ಗುಡುಗು ಯಂತ್ರದ ಲೆಕ್ಕದಲ್ಲಿ ಪಿಸುಮಾತಾಗಬಹುದು! ಇಂದಿರಾನಗರದ ನಿವಾಸಿಗಳು ಪಬ್ಬುಗಳ ಸದ್ದಿನ ಮೇಲೆ ವರ್ಷಗಟ್ಟಲೆ ದೂರಿದ್ದಾರೆ. ಹಬ್ಬದ ಮೆರವಣಿಗೆಗಳಲ್ಲಿ ನಮ್ಮ ಹುಡುಗರು ಲಾರಿಗಟ್ಟಲೆ ಪೆಟ್ಟಿಗೆ ಪೇರಿಸುತ್ತಾರೆ. ಇವರಿಗೆ ಬೇಕಾದದ್ದು ನಾದವಲ್ಲ, ಬರಿಯ ಗುದ್ದು. ಚೆನ್ನಾಗಿ ಶ್ರುತಿಗೊಳಿಸಿದ ಪೆಟ್ಟಿಗೆ ಸಣ್ಣ ಸದ್ದಿನಲ್ಲೂ ಮೃದಂಗದ ಎಡಮುಖದ ಗುಂಕಾರವನ್ನು ಬಿಡಿಬಿಡಿಯಾಗಿ ಕೇಳಿಸುತ್ತದೆ. ಗೋಡೆಯಾಚೆಯ ಅಜ್ಜಿ "ರಾತ್ರಿ ಮಂಚ ನಡುಗುತ್ತಪ್ಪ" ಎಂದ ದಿನದಿಂದ ನಾನು ಎಂಟು ಗಂಟೆಗೇ ನಿಲ್ಲಿಸುತ್ತೇನೆ. ನಿಯಮ ಹತ್ತರವರೆಗೆ ಸುಮ್ಮನಿದ್ದರೂ ಅಜ್ಜಿಗೆ ನಿದ್ದೆ ಬೇಗ.

ಮೊನ್ನೆ ಭಾನುವಾರ ಮಧ್ಯಾಹ್ನ ಒಂದು ಮೃದಂಗದ ತನಿ ಹಾಕಿದ್ದೆ. ತಂದೆಯವರು ಊಟ ಬಿಟ್ಟೆದ್ದು ಬಂದು ಪೆಟ್ಟಿಗೆಗೆ ಕಿವಿಗೊಟ್ಟು, "ಎಡಗಡೆ ಕೆಳಗಿನ ಮೂಲೆ, ಒಳಪಟ್ಟಿಯ ಸ್ಕ್ರೂ ಸಡಿಲ" ಎಂದರು. ಬಿಚ್ಚಿ ನೋಡಿದರೆ ಹಾಗೆಯೇ ಇತ್ತು. ಪಕ್ಕದ ಬೀದಿಯ ಹುಡುಗನೊಬ್ಬ ತನಗೂ ಅಂಥದೇ ಪೆಟ್ಟಿಗೆ ಬೇಕೆಂದು ಬಂದಿದ್ದಾನೆ. ಅವರು ಕೂಲಿ ಹೇಳಿ ಒಪ್ಪಿಕೊಂಡಿದ್ದಾರೆ. ಲೆಕ್ಕ ಮಾತ್ರ ನನ್ನದಂತೆ. ಅದೂ ಪರೀಕ್ಷೆ ಮುಗಿದ ಮೇಲೆ.