ಫಲಕ ಆಮೇಲೆ, ಮೊದಲು ನಲ್ಲಿ

ಮೈಸೂರಿನ ಊಟ-ತಿಂಡಿಗೆ ಸರ್ಕಾರದ ಅಧಿಕೃತ ಮನ್ನಣೆ ಬೇಕು ಎನ್ನುವ ಮಾತು ಆಗಾಗ ಕಿವಿಗೆ ಬೀಳುತ್ತದೆ. 2019ರಲ್ಲಿ ಹೈದರಾಬಾದ್ ತನ್ನ ಅಡುಗೆಯ ಬಲದಿಂದಲೇ ಯುನೆಸ್ಕೋದ ಸೃಜನಶೀಲ ನಗರಗಳ ಪಟ್ಟಿ ಸೇರಿತು. ಅವರಿಗೆ ಬಿರಿಯಾನಿ ಇದ್ದರೆ ನಮಗೆ ಮಸಾಲೆ ದೋಸೆ ಇಲ್ಲವೇ, ಮೈಸೂರ್ ಪಾಕ್ ಇಲ್ಲವೇ? ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಅಂಥ ಮನ್ನಣೆ ಬಂದರೂ ಅದು ಅರಮನೆಯ ಆಸುಪಾಸಿನಲ್ಲೇ ನಿಂತುಬಿಡುತ್ತದೆ, ಹೂಟಗಳ್ಳಿಯವರೆಗೆ ಬರುವುದಿಲ್ಲ.

ಹೂಟಗಳ್ಳಿ ಪ್ರವಾಸಿಗರ ನಕ್ಷೆಯಲ್ಲಿಲ್ಲ. ಗ್ರಾಮ ಪಂಚಾಯಿತಿಯಿಂದ ನಗರಸಭೆಯಾದ ಊರು ಅದು. ಸುತ್ತ ಕೈಗಾರಿಕಾ ಪ್ರದೇಶ, ಗೃಹಮಂಡಳಿಯ ಬಡಾವಣೆ, ಪಕ್ಕದಲ್ಲೇ ಬೆಮೆಲ್, ಇನ್ಫೋಸಿಸ್. ಇಂಥ ಊರಿನಲ್ಲಿ ಹೋಟೆಲ್ ಎನ್ನುವುದು ರುಚಿಯ ಪ್ರಶ್ನೆಯಾಗುವ ಮೊದಲು ಗಡಿಯಾರದ ಪ್ರಶ್ನೆ. ಪಾಳಿ ಮುಗಿಸಿ ಬಂದವನಿಗೆ, ರೂಮು ಹಿಡಿದು ಒಂಟಿಯಾಗಿರುವ ಹುಡುಗಿಗೆ, ಒಲೆ ಹಚ್ಚಲು ಹೊತ್ತಿಲ್ಲದ ಮನೆಗೆ ಬಿಸಿ ಇಡ್ಲಿ ಸಿಗಬೇಕು, ಕೈಗೆಟುಕುವ ಬೆಲೆಗೆ ಸಿಗಬೇಕು. ಕೈಗಾರಿಕಾ ಪ್ರದೇಶವೊಂದನ್ನು ನಡೆಸುವುದು ವಿದ್ಯುತ್ತು ಎಷ್ಟೋ, ಗೇಟಿನ ಎದುರಿನ ತಳ್ಳುಗಾಡಿಯೂ ಅಷ್ಟೇ.

ಈ ತಳ್ಳುಗಾಡಿಯನ್ನು ಸರ್ಕಾರ ಗುರುತಿಸುವುದೇ ಇಲ್ಲ ಎಂದರೆ ತಪ್ಪಾದೀತು. ಗುರುತಿಸುತ್ತದೆ, ತನಗೆ ಬೇಕಾದಾಗ. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸುವಾಗ ಗುರುತಿಸಿತು. ನಿಷೇಧ ಸರಿಯಾದದ್ದೇ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ನೋಟಿಸ್ ಕಳಿಸಿದಾಗಲೂ ಗುರುತಿಸಿತು. ಆಗ ‘ನಗದು ಮಾತ್ರ’ ಎಂಬ ಬರಹಗಳು ರಾಜ್ಯದ ಅಂಗಡಿಗಳಲ್ಲಿ ತೂಗಾಡಿದವು. ರಸ್ತೆ ಅಗಲ ಮಾಡುವಾಗಂತೂ ಎಲ್ಲರಿಗಿಂತ ಮೊದಲು ಕಣ್ಣಿಗೆ ಬೀಳುವುದು ಇದೇ ಗಾಡಿ. ದಂಡಕ್ಕೆ, ತೆರಿಗೆಗೆ, ತೆರವಿಗೆ ವಿಳಾಸವಿದೆ. ನೀರು, ಬೆಳಕು, ಶೌಚಾಲಯದ ಮಾತು ಬಂದಾಗ ಮಾತ್ರ ವಿಳಾಸ ಸಿಗುವುದಿಲ್ಲ.

ದಸರೆ ಬಂದಾಗ ಆಹಾರ ಮೇಳ ನಡೆಯುತ್ತದೆ. ಹಾಡಿಯ ಜನ ಮಾಡುವ ಬಂಬೂ ಬಿರಿಯಾನಿಗೆ ಸಾಲು ನಿಲ್ಲುತ್ತೇವೆ, ಫೋಟೋ ತೆಗೆಯುತ್ತೇವೆ. ಮೇಳ ಮುಗಿದ ಮೇಲೆ? ನಂಜನಗೂಡು ರಸಬಾಳೆಗೆ, ಮೈಸೂರು ವೀಳ್ಯದೆಲೆಗೆ ಜಿಐ ಮಾನ್ಯತೆ ಇದೆ, ಸಂತೋಷ. ಆದರೆ ಆ ಮಾನ್ಯತೆ ಕಾಪಾಡುವುದು ಎಲೆಯ ಹೆಸರನ್ನು. ಎಲೆ ಮಡಿಸಿ ಕೊಡುವವಳಿಗೆ ನಾಳೆ ಅದೇ ಜಾಗದಲ್ಲಿ ಕೂರುವ ಭರವಸೆಯನ್ನಲ್ಲ.

ಆ ಭರವಸೆ ಬೇರೆಡೆ ಇದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಯಬೇಕು ಎನ್ನುತ್ತದೆ, ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಬಾರದು ಎನ್ನುತ್ತದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಅಧಿಕೃತ ಮನ್ನಣೆ ಎಂದರೆ ನನ್ನ ಮಟ್ಟಿಗೆ ಇದು. ಹೊಸದಾಗಿ ಯಾವ ಪ್ರಶಸ್ತಿಯನ್ನೂ ಹುಟ್ಟಿಸಬೇಕಾಗಿಲ್ಲ.

‘ಬೀದಿ ತಿಂಡಿ ಕೊಳಕು, ಅದಕ್ಕೇನು ಮನ್ನಣೆ?’ ಎನ್ನುವವರಿದ್ದಾರೆ. ಕೊಳಕು ಎಲ್ಲಿಂದ ಬಂತು ಎಂದು ಅವರು ಕೇಳುವುದಿಲ್ಲ. ಇಡೀ ದಿನಕ್ಕೆ ಎರಡು ಕೊಡ ನೀರು ಹೊತ್ತು ತರುವವನು ತಟ್ಟೆಯನ್ನು ಎಷ್ಟು ಸಲ ತೊಳೆದಾನು? ಸಿಂಗಪುರವನ್ನು ನೋಡಿ. ಅಲ್ಲಿನ ಬೀದಿಬದಿಯ ಅಡುಗೆಯೂ ಒಂದು ಕಾಲಕ್ಕೆ ಇದೇ ದೂರು ಕೇಳಿತ್ತು. 1971ರಿಂದ 1986ರವರೆಗೆ ಸರ್ಕಾರ ನಲ್ಲಿ, ಚರಂಡಿ ಇರುವ ತಿಂಡಿ ಕಟ್ಟೆಗಳನ್ನು ಕಟ್ಟಿ ವ್ಯಾಪಾರಿಗಳನ್ನು ಅಲ್ಲಿ ಕೂರಿಸಿತು. ಅಂಥದ್ದೇ ಕಟ್ಟೆಯ ಒಂದು ಮಳಿಗೆಗೆ 2016ರಲ್ಲಿ ಮಿಶೆಲಿನ್ ತಾರೆ ಬಂತು, 2020ರಲ್ಲಿ ಆ ಇಡೀ ಸಂಸ್ಕೃತಿ ಯುನೆಸ್ಕೋ ಪಟ್ಟಿ ಸೇರಿತು. ಬೀದಿಯನ್ನೇ ಖಾಲಿ ಮಾಡಿಸಿದ ಅವರ ಕಠಿಣ ದಾರಿ ನಮಗೆ ಬೇಕಿಲ್ಲ. ಆದರೆ ಕ್ರಮವನ್ನು ಗಮನಿಸಿ: ನಲ್ಲಿ ಮೊದಲು ಬಂತು, ತಾರೆ ಬರಲು ದಶಕಗಳೇ ಹಿಡಿದವು. ನಾವು ತಾರೆಯಿಂದ ಶುರು ಮಾಡಲು ಹೊರಟಿದ್ದೇವೆ.

‘ಊರಿಗೆ ಹೆಸರು ಬಂದರೆ ಎಲ್ಲರಿಗೂ ವ್ಯಾಪಾರ ಹೆಚ್ಚುತ್ತದೆ’ ಎಂಬುದು ಇನ್ನೊಂದು ವಾದ. ಹೆಸರು ಬಂದ ಬೀದಿಯಲ್ಲಿ ಮೊದಲು ಹೆಚ್ಚುವುದು ಬಾಡಿಗೆ. ಜಾಗದ ಹಕ್ಕಿಲ್ಲದವನಿಗೆ ಊರಿನ ಕೀರ್ತಿಯೇ ಎತ್ತಂಗಡಿಯ ನೋಟಿಸ್ ಆಗಬಹುದು.

ಸಾಹಿತ್ಯ ಓದುವ ನಮಗೂ ಇಲ್ಲೊಂದು ಪಾಲಿದೆ. ಊರಿನ ಊಟದ ಬಗ್ಗೆ ಬರೆಯಲು ಕೂತರೆ ಹಳೆಯ ಹೋಟೆಲಿನ ಬೆಣ್ಣೆ, ಅಜ್ಜನ ಕಾಲದ ಕಾಫಿ ಎಂದು ಕರಗಿಹೋಗುತ್ತೇವೆ. ಆ ಬರಹಗಳಲ್ಲಿ ಪಾತ್ರೆ ತೊಳೆಯುವವರು ಇರುವುದಿಲ್ಲ. ಮುಂದಿನ ಸಲ ಹೂಟಗಳ್ಳಿಯ ಕಡೆ ಹೋದವರು ದೋಸೆಯ ಜೊತೆಗೆ ಎರಡು ಪ್ರಶ್ನೆಯನ್ನೂ ಕೇಳಿ: ನಿಮ್ಮ ಹತ್ತಿರ ವ್ಯಾಪಾರದ ಪ್ರಮಾಣಪತ್ರ ಇದೆಯೇ? ನೀರು ಎಲ್ಲಿಂದ ತರುತ್ತೀರಿ? ಸಿಕ್ಕ ಉತ್ತರವನ್ನು ಬರೆದು ಅಲ್ಲಿನ ಸ್ಥಳೀಯ ಆಡಳಿತಕ್ಕೆ ಕಳಿಸಿ. ಊರಿನ ರುಚಿಯ ಬಗ್ಗೆ ಸದ್ಯ ಬರೆಯಬೇಕಾದ ಪ್ರಬಂಧ ಅದೇ.