ಟಿಕೆಟ್ ಇಲ್ಲದ ನಾಟಕಕ್ಕೆ ಯಜಮಾನ ಇದ್ದೇ ಇರುತ್ತಾನೆ

‘ಒಳ್ಳೆಯ ನಾಟಕಕ್ಕೆ ಪ್ರಚಾರ ಬೇಡ, ಜನ ತಾವಾಗಿಯೇ ಬರುತ್ತಾರೆ.’ ‘ಕಲೆಗೆ ಟಿಕೆಟ್ ಇಟ್ಟರೆ ಅದು ವ್ಯಾಪಾರ.’ ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಎಲ್ಲೇ ಆಗಲಿ, ಸಣ್ಣ ತಂಡವೊಂದು ಹೊಸ ನಾಟಕ ಕಟ್ಟಿ ಟಿಕೆಟ್ ಮಾರಲು ಹೊರಟಿತೆಂದರೆ ಈ ಎರಡು ಮಾತು ಎದುರಾಗುತ್ತವೆ. ಹೇಳುವವರು ದುಡ್ಡಿಲ್ಲದವರಲ್ಲ. ಪಾಸ್ ಹಿಡಿದು ಮುಂದಿನ ಸಾಲಿನಲ್ಲಿ ಕೂತು ಅಭ್ಯಾಸವಾದವರು. ಇದನ್ನು ಕಲಾಪ್ರೇಮ ಎಂದು ಕರೆಯುವುದನ್ನು ಇನ್ನಾದರೂ ನಿಲ್ಲಿಸೋಣ. ಇದು ಕಲಾವಿದರ ಜೇಬಿಗೆ ಹಾಕುವ ಕತ್ತರಿ.

ಕಚೇರಿಯೊಂದರ ಕಥೆ ಹೇಳುವ ನಗೆನಾಟಕವನ್ನೇ ತೆಗೆದುಕೊಳ್ಳಿ. ಒಂದು ಮೇಜು, ನಾಲ್ಕು ಕುರ್ಚಿ, ಒಂದು ರಾಶಿ ಕಡತ, ಆರೇಳು ಪಾತ್ರ. ನೋಡುವವರಿಗೆ ಇದಕ್ಕೇನು ಖರ್ಚು ಅನ್ನಿಸಬಹುದು. ಸಭಾಂಗಣದ ಬಾಡಿಗೆ ಯಾರು ಕೊಡುತ್ತಾರೆ? ಬೆಳಕು, ಧ್ವನಿ, ಮೇಕಪ್, ಸಾಮಾನು ಸಾಗಿಸುವ ಟೆಂಪೋ, ರಿಹರ್ಸಲ್‌ನ ಚಹಾ-ತಿಂಡಿ? ಹಗಲಿಡೀ ಶಾಲೆ, ಬ್ಯಾಂಕು, ಅಂಗಡಿಗಳಲ್ಲಿ ದುಡಿದು, ಸಂಜೆ ಯಾವುದೋ ಶಾಲೆಯ ಕೊಠಡಿಯಲ್ಲಿ ಮಾತು ಬಾಯಿಪಾಠ ಮಾಡುವ ಹವ್ಯಾಸಿಗಳು ತಮ್ಮ ಸಂಬಳದಿಂದಲೇ ಇದನ್ನೆಲ್ಲ ತೂಗಿಸಬೇಕು. ಇಷ್ಟಾದ ಮೇಲೆ ನೂರು ರೂಪಾಯಿಯ ಟಿಕೆಟ್ ಮುಂದೆ ಹಿಡಿದರೆ ‘ನಮಗೂ ಟಿಕೆಟ್ಟಾ ಮಾರಾಯ್ರೆ?’ ಎಂಬ ಪ್ರಶ್ನೆ.

ಟಿಕೆಟ್ ನಮ್ಮ ಸಂಸ್ಕೃತಿಯಲ್ಲ ಎನ್ನುವವರಿಗೆ ಈ ಕರಾವಳಿಯ ಚರಿತ್ರೆಯೇ ಗೊತ್ತಿಲ್ಲ. ಸಾಲಿಗ್ರಾಮ, ಪೆರ್ಡೂರು ಯಕ್ಷಗಾನ ಮೇಳಗಳು ಊರೂರಿನಲ್ಲಿ ಡೇರೆ ಹೊಡೆದು ಟಿಕೆಟ್ ಮಾರಿಯೇ ಬೆಳೆದವು. ಆಟದ ದಿನ ಹಗಲು ಧ್ವನಿವರ್ಧಕ ಕಟ್ಟಿದ ಗಾಡಿ ಊರೆಲ್ಲ ಸುತ್ತುತ್ತಿತ್ತು, ಕರಪತ್ರ ಹಾರುತ್ತಿದ್ದವು. ಭಾಗವತ ಕಾಳಿಂಗ ನಾವಡರ ಪದ್ಯ ಕೇಳಲು ಹಣ ತೆತ್ತು ಡೇರೆಯೊಳಗೆ ಕೂತ ರೈತರು, ಬೀಡಿ ಕಟ್ಟುವವರು ಯಾರೂ ಭಾಗವತರನ್ನು ವ್ಯಾಪಾರಿ ಅನ್ನಲಿಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿ ಬದುಕಿದ್ದು ಟಿಕೆಟ್ ಕೌಂಟರ್‌ನಿಂದ. ತುಳು ರಂಗಭೂಮಿಯ ದೇವದಾಸ್ ಕಾಪಿಕಾಡ್, ವಿಜಯಕುಮಾರ್ ಕೊಡಿಯಾಲಬೈಲ್ ಅವರ ತಂಡಗಳು ಪ್ರಚಾರಕ್ಕೆ ಎಂದೂ ನಾಚಲಿಲ್ಲ, ಅದಕ್ಕೇ ಅವರ ಹೆಸರು ಮನೆಮನೆಗೆ ಮುಟ್ಟಿತು. ಸಣ್ಣ ಕನ್ನಡ ತಂಡಕ್ಕೆ ಮಾತ್ರ ಯಾಕೆ ಈ ಸನ್ಯಾಸದ ಉಪದೇಶ?

ಪ್ರಚಾರ ಬೇಡದ ಕಲೆಯ ಗತಿ ಏನೆಂದು ತಿಳಿಯಬೇಕಿದ್ದರೆ ನಂದಳಿಕೆಯ ಮುದ್ದಣನನ್ನು ನೆನೆಯಿರಿ. ಕಾರ್ಕಳದ ಮಗ್ಗುಲಿನ ಆ ಹಳ್ಳಿಯಿಂದ ಬಂದು ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದ ಆ ಮಹಾಕವಿ ತನ್ನ ಹೆಸರನ್ನೇ ಮುಚ್ಚಿಟ್ಟು ಬರೆದ. ಬಡತನದಲ್ಲಿ, ಕ್ಷಯರೋಗದಲ್ಲಿ 1901ರಲ್ಲಿ ತೀರಿಕೊಂಡಾಗ ಆತನಿಗೆ ಮೂವತ್ತೊಂದು ವರ್ಷ. ಇಂದು ಉಡುಪಿಯ ಎಂ.ಜಿ.ಎಂ. ಕಾಲೇಜಿನ ಮಂಟಪಕ್ಕೆ ಆತನ ಹೆಸರಿದೆ. ಬದುಕಿದ್ದಾಗ ಬೆಲೆ ಕೊಡದೆ ಸತ್ತ ಮೇಲೆ ಹೆಸರಿಡುವ ಚಾಳಿಯನ್ನು ನಾವು ಬಿಡಲೇ ಇಲ್ಲ.

ಪುಕ್ಕಟೆ ನಾಟಕ ನಿಜಕ್ಕೂ ಪುಕ್ಕಟೆಯಲ್ಲ. ಪ್ರೇಕ್ಷಕ ಕೊಡದ ಹಣವನ್ನು ಪ್ರಾಯೋಜಕ ಕೊಡುತ್ತಾನೆ. ಕಚೇರಿಯ ನಗೆನಾಟಕಕ್ಕೆ ಇದಕ್ಕಿಂತ ದೊಡ್ಡ ಶತ್ರು ಇನ್ನೊಂದಿಲ್ಲ. ಆ ನಾಟಕದ ಜೀವಾಳವೇ ಮೇಲಿನವರನ್ನು ನೋಡಿ ಕೆಳಗಿನವರು ನಗುವುದು. ಪ್ಯೂನ್ ಮುಂದೆ ಸಾಹೇಬ ಬೆತ್ತಲಾಗಬೇಕು, ಗುಮಾಸ್ತೆಯ ಜಾಣತನದ ಎದುರು ಮ್ಯಾನೇಜರನ ದರ್ಪ ಕುಸಿಯಬೇಕು. ಆ ಸಾಹೇಬನೇ ಚೆಕ್ ಬರೆದು ಮೊದಲ ಸಾಲಿನಲ್ಲಿ ಕೂತರೆ ಯಾವ ನಟನ ಬಾಯಲ್ಲಿ ಆ ಮಾತು ಹೊರಡುತ್ತದೆ? ರಿಹರ್ಸಲ್‌ನಲ್ಲೇ ನಾಲ್ಕು ಸಾಲು ಉದುರುತ್ತವೆ. ಪ್ರದರ್ಶನದ ಹೊತ್ತಿಗೆ ಗುಮಾಸ್ತೆ ಪೆದ್ದಿಯಾಗಿರುತ್ತಾಳೆ, ಸಾಹೇಬ ಸಜ್ಜನನಾಗಿರುತ್ತಾನೆ.

ಮಾಸ್ಟರ್ ಹಿರಣ್ಣಯ್ಯ ‘ಲಂಚಾವತಾರ’ ನಾಟಕದಲ್ಲಿ ಮಂತ್ರಿಗಳನ್ನೂ ಅಧಿಕಾರಿಗಳನ್ನೂ ದಶಕಗಟ್ಟಲೆ, ಸಾವಿರಾರು ಪ್ರಯೋಗಗಳಲ್ಲಿ ಝಾಡಿಸಿದರು. ಆ ಧೈರ್ಯ ಬಂದದ್ದು ಟಿಕೆಟ್ ಕೊಂಡ ಜನರಿಂದ. ಅವರ ಅನ್ನ ಯಾವ ಮಂತ್ರಿಯ ಕೈಯಲ್ಲೂ ಇರಲಿಲ್ಲ.

ಈ ಜಿಲ್ಲೆಯಲ್ಲಿ ಕಚೇರಿಯ ಕಥೆಗಳಿಗೆ ಬರವೇ? ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಉಡುಪಿಯ ಮಣ್ಣಿನಲ್ಲೇ ಹುಟ್ಟಿದವು. 2020ರ ಏಪ್ರಿಲ್ 1ರಂದು ಒಂದು ಯೂನಿಯನ್ ಬ್ಯಾಂಕಿನಲ್ಲಿ, ಇನ್ನೊಂದು ಕೆನರಾ ಬ್ಯಾಂಕಿನಲ್ಲಿ ಕರಗಿ ಎರಡರ ಬೋರ್ಡೂ ಇಳಿದವು. ವಿಲೀನ, ವರ್ಗಾವಣೆ, ಟಾರ್ಗೆಟ್, ಕಂಪ್ಯೂಟರಿನ ಸರ್ವರ್ ಕೈಕೊಟ್ಟ ದಿನ ಕೌಂಟರಿನ ಎರಡೂ ಬದಿಯ ಗೋಳು! ಇದನ್ನು ಅನುಭವಿಸಿದವರು ನಮ್ಮ ಬೀದಿಬೀದಿಯಲ್ಲಿದ್ದಾರೆ. ಮಣಿಪಾಲದ ಆಸ್ಪತ್ರೆಯ ಪಾಳಿ, ಕಾರ್ಕಳದ ಗೇರುಬೀಜ ಕಾರ್ಖಾನೆಯ ಹೆಂಗಸರ ಮಾತುಕತೆ, ಹೊಸದಾಗಿ ತಾಲೂಕಾದ ಕಾಪುವಿನಲ್ಲಿ ಒಂದು ಸಹಿಗಾಗಿ ಅಲೆಯುವವರ ಪಾಡು ಎಲ್ಲವೂ ನಾಟಕಕ್ಕೆ ಕಾದಿವೆ. ಯಜಮಾನರ ಹಂಗಿನಲ್ಲಿ ಇವುಗಳಲ್ಲಿ ಒಂದೂ ರಂಗಕ್ಕೆ ಬಾರದು.

ಈಗ ಲೆಕ್ಕಕ್ಕೆ ಬರುತ್ತೇನೆ. 2018ರ ಜನವರಿಯಿಂದ ನಾಟಕದ ಟಿಕೆಟ್ ₹500ರ ಒಳಗಿದ್ದರೆ ಜಿಎಸ್‌ಟಿ ಇಲ್ಲ. ಅದಕ್ಕೆ ಮೊದಲು ಈ ಮಿತಿ ₹250 ಇತ್ತು. ಎಲ್ಲದಕ್ಕೂ ತೆರಿಗೆ ಹಾಕುವ ಸರ್ಕಾರವೇ ಐನೂರು ರೂಪಾಯಿಯ ತನಕ ನಿಮ್ಮ ತಂಟೆಗೆ ಬರುವುದಿಲ್ಲ ಎಂದಿದೆ. ಐನೂರು! ನಮ್ಮ ಹವ್ಯಾಸಿ ತಂಡಗಳು ನೂರು ಕೇಳಲೂ ಹಿಂದೆಮುಂದೆ ನೋಡುತ್ತವೆ. ಕಾನೂನಿಗಿಲ್ಲದ ತಕರಾರು ಪಾಸ್ ಗಿರಾಕಿಗಳಿಗೆ ಯಾಕೆ? ಬಡವರು ಏನು ಮಾಡಬೇಕು ಎಂದು ಕೇಳುವವರು ಮಲ್ಟಿಪ್ಲೆಕ್ಸಿನಲ್ಲಿ ಪಾಪ್‌ಕಾರ್ನ್‌ಗೆ ಆ ನೂರಕ್ಕಿಂತ ಹೆಚ್ಚು ತೆರುತ್ತಾರೆ. ವಿದ್ಯಾರ್ಥಿಗೆ, ದುಡಿಯುವವರಿಗೆ ಮೂವತ್ತು ರೂಪಾಯಿ ಮಾಡಿ, ಯಾರೂ ಬೇಡ ಅನ್ನುವುದಿಲ್ಲ. ಸೊನ್ನೆ ಮಾತ್ರ ಬೇಡ.

ಇನ್ನು ನಾಟಕಕ್ಕೆ ಮೊದಲಿನ ಸಭಾ ಕಾರ್ಯಕ್ರಮ. ಆರೂವರೆಗೆಂದು ಬಂದ ಪ್ರೇಕ್ಷಕ ಎಂಟರವರೆಗೆ ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ಸ್ಮರಣಿಕೆ, ಅಧ್ಯಕ್ಷೀಯ ಭಾಷಣ ಎಲ್ಲವನ್ನೂ ನುಂಗಬೇಕು. ಬಣ್ಣ ಹಚ್ಚಿದ ನಟರು ಪರದೆಯ ಹಿಂದೆ ಬೆವರುತ್ತಾರೆ. ಹುಟ್ಟುಹಬ್ಬಕ್ಕೆ ಸರ್ಕಲ್ ತುಂಬ ಫ್ಲೆಕ್ಸ್ ಕಟ್ಟಿಸಿಕೊಳ್ಳುವ ಮುಖಂಡನೇ ಅಲ್ಲಿ ಮುಖ್ಯ ಅತಿಥಿ. ಭಾಷಣ ಮುಗಿಸಿ, ನಾಟಕ ನೋಡದೆ ಎದ್ದು ಹೋಗುತ್ತಾನೆ. ಊರಿನ ಗೋಡೆಗಳೆಲ್ಲ ಅವನಿಗೆ ಮೀಸಲು, ನಾಟಕದ ಒಂದು ಪೋಸ್ಟರಿಗೆ ಜಾಗವಿಲ್ಲ. ಸಾರ್ವಜನಿಕ ಜಾಗ, ಸಾರ್ವಜನಿಕ ಹಣ, ಸಾರ್ವಜನಿಕರ ಸಮಯ ಮೂರನ್ನೂ ಇವರಿಗೆ ಬರೆದುಕೊಟ್ಟವರು ಯಾರು?

ತಂಡಗಳೇ, ಅಂಜಬೇಡಿ. ಪೋಸ್ಟರ್ ಅಂಟಿಸಿ, ಮೊಬೈಲಿನಲ್ಲಿ ಎರಡು ನಿಮಿಷದ ತುಣುಕು ಹರಿಬಿಡಿ, ಬ್ಯಾಂಕಿಗೂ ಕಾಲೇಜಿಗೂ ನುಗ್ಗಿ ಟಿಕೆಟ್ ಮಾರಿ. ಪಾಸ್ ಮುದ್ರಿಸಲೇಬೇಡಿ. ಹೇಳಿದ ಹೊತ್ತಿಗೆ ಪರದೆ ತೆಗೆಯಿರಿ, ಭಾಷಣಕ್ಕೆ ಒಂದು ನಿಮಿಷವನ್ನೂ ಕೊಡಬೇಡಿ. ಕಾರ್ಕಳದ ಯಕ್ಷರಂಗಾಯಣ ಜನರ ಹಣದಲ್ಲಿ ನಡೆಯುವ ಸರ್ಕಾರಿ ರಂಗಸಂಸ್ಥೆ. ಸಣ್ಣ ತಂಡಗಳಿಗೆ ಕಡಿಮೆ ದರದಲ್ಲಿ ವೇದಿಕೆ, ಬೆಳಕು ಕೊಟ್ಟು, ಟಿಕೆಟ್ ಮಾರಾಟಕ್ಕೂ ಅದು ಹೆಗಲು ಕೊಡಲಿ. ಪ್ರೇಕ್ಷಕರೇ, ಗೆಳೆಯನ ನಾಟಕವಾದರೂ ಟಿಕೆಟ್ ಕೊಂಡೇ ಒಳಗೆ ಬನ್ನಿ. ನಿಮ್ಮ ಸಾಹೇಬನನ್ನು ನೋಡಿ ಮನಸಾರೆ ನಗುವ ಹಕ್ಕು ನಿಮಗೆ ಬೇಕೆಂದಾದರೆ, ಆ ನಗುವಿನ ಖರ್ಚನ್ನು ಅವನ ಮೇಲೆ ಹೊರಿಸಬೇಡಿ.