ಪ್ರಶ್ನೆ ಕಾದಿರುವಾಗ ‘ನಿಲ್ಲು’ ಎಂದರೆ

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಿಂದ ಓದುಗರೊಬ್ಬರು ಈ ಅಂಕಣಕ್ಕೆ ದೀರ್ಘವಾದ ಪತ್ರವೊಂದನ್ನು ಬರೆದಿದ್ದಾರೆ. ಅವರದು ಶೇಂಗಾ ವ್ಯಾಪಾರದ ಮನೆತನ; ಸುತ್ತಿನ ಹಳ್ಳಿಗಳಲ್ಲಿ ಕಾಯಿ ಕೊಂಡು ಚಳ್ಳಕೆರೆಯ ಎಣ್ಣೆ ಗಿರಣಿಗಳಿಗೆ ಸಾಗಿಸುವುದು ವೃತ್ತಿ. ಕಿರ್ದಿ ಖಾತೆಗಳ ಜೊತೆಗೆ ಈಗ ಮನೆಯಲ್ಲಿ ಗಣಕಯಂತ್ರವೂ ಇದೆ. ಕಾಲೇಜಿನಲ್ಲಿ ಗಣಕವಿದ್ಯೆಯನ್ನು ಓದುತ್ತಿರುವ ಮಗಳು ತಂದೆಯ ಅನುಕೂಲಕ್ಕೆಂದು ಒಂದು ಶೆಲ್ ಸ್ಕ್ರಿಪ್ಟನ್ನು, ಎಂದರೆ ಯಂತ್ರವು ಒಂದಾದ ಮೇಲೊಂದರಂತೆ ನಡೆಸಬೇಕಾದ ಆಜ್ಞೆಗಳ ಪಟ್ಟಿಯನ್ನು, ಬರೆದುಕೊಟ್ಟಳು. ಅದು ಪ್ರತಿ ರಾತ್ರಿ ದಿನದ ಲೆಕ್ಕವನ್ನು ಕೂಡಿಸಿ, ‘ಹಳೆಯ ಕಡತವನ್ನು ಅಳಿಸಿ ಹೊಸದನ್ನು ಇಡಲೆ?’ ಎಂದು ಕೇಳುತ್ತದೆ. ಹೌದು ಎನ್ನಲು ಎಂಟರ್ ಕೀಲಿಯೊಂದನ್ನು ಒತ್ತಿದರೆ ಸಾಕು.

ಒಂದು ರಾತ್ರಿ ಲೆಕ್ಕದ ತಾರೀಖು ತಪ್ಪಾಗಿರುವುದು ಅವರ ಕಣ್ಣಿಗೆ ಬಿತ್ತು. ಮಗಳು ಹೇಳಿಕೊಟ್ಟಿದ್ದಂತೆ ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒಟ್ಟಿಗೆ ಒತ್ತಿದರು. ‘ನಿಲ್ಲಿಸಲಾಯಿತು’ ಎಂಬ ಮಾತು ಪರದೆಯ ಮೇಲೆ ಮೂಡಿತು. ನೆಮ್ಮದಿಯಾಯಿತು. ಆದರೆ ಪರದೆ ಮುಂದೆ ಅಲುಗದೆ ನಿಂತಿದ್ದುದನ್ನು ಕಂಡು, ಎಲ್ಲ ಮುಗಿಯಿತಷ್ಟೆ ಎಂದು ಎಂಟರ್ ಕೀಲಿಯನ್ನು ಒತ್ತಿದರು. ಹಂಗಾಮಿನ ಲೆಕ್ಕವೆಲ್ಲ ಅಳಿಸಿಹೋಯಿತು. ಕಿರ್ದಿ ಪುಸ್ತಕವೊಂದು ಇದ್ದುದರಿಂದ ಮಾನ ಉಳಿಯಿತು. ಆದರೂ ಎಲ್ಲವನ್ನೂ ಮತ್ತೆ ತುಂಬಿಸಲು ಎರಡು ವಾರ ಹಿಡಿಯಿತು. ಮಗಳು ಅಂದಿನಿಂದ ಯಂತ್ರದ ಹತ್ತಿರ ಸುಳಿದಿಲ್ಲವಂತೆ. ‘ನಾನು ನಿಲ್ಲು ಎಂದೆ, ಅದು ನಿಲ್ಲಿಸಿದೆ ಎಂದಿತು, ಆಮೇಲೆ ಅಳಿಸಿದ್ದೇಕೆ? ತಪ್ಪು ನನ್ನದೋ, ಮಗುವಿನದೋ, ಯಂತ್ರದ್ದೋ?’ ಎಂಬುದು ಅವರ ಪ್ರಶ್ನೆ.

ಪ್ರಶ್ನೆ ಒಬ್ಬರದಾದರೂ ಉತ್ತರ ಅನೇಕರಿಗೆ ಬೇಕಾದದ್ದು. ಅಂಗಡಿ, ಶಾಲೆ, ಕಚೇರಿ ಎಲ್ಲೆಡೆಯೂ ಇಂಥ ಪುಟ್ಟ ಸ್ಕ್ರಿಪ್ಟುಗಳು ದುಡಿಯುತ್ತಿವೆ. ಆದುದರಿಂದ ವಿಷಯವನ್ನು ಬುಡದಿಂದಲೇ ನೋಡೋಣ.

ಕಂಟ್ರೋಲ್-ಸಿ ಎಂಬುದು ಅಕ್ಷರವಲ್ಲ, ಒಂದು ಕೂಗು. ಎ, ಬಿ, ಸಿ ಮುಂತಾದ ಕೀಲಿಗಳನ್ನು ಒತ್ತಿದಾಗ ಅವು ಸಾಲಿನಲ್ಲಿ ಕಾದು ನಿಲ್ಲುತ್ತವೆ. ಎಂಟರ್ ಒತ್ತಿದ ಮೇಲೆ ಆ ಸಾಲು ಒಟ್ಟಾಗಿ ಸ್ಕ್ರಿಪ್ಟಿನ ಕೈಗೆ ಹೋಗುತ್ತದೆ. ಕಂಟ್ರೋಲ್-ಸಿ ಹಾಗೆ ಸಾಲಿನಲ್ಲಿ ನಿಲ್ಲುವುದಿಲ್ಲ. ಯಂತ್ರದ ಮೂಲವ್ಯವಸ್ಥೆಯಲ್ಲಿ ಕೀಲಿಮಣೆಯನ್ನು ಕಾಯುವ ಭಾಗವೊಂದುಂಟು. ಅದು ಈ ಒತ್ತುವಿಕೆಯನ್ನು ಗುರುತು ಹಿಡಿದು, ಆ ಹೊತ್ತಿನಲ್ಲಿ ಪರದೆಯ ಮುಂದೆ ಕೆಲಸ ನಡೆಸುತ್ತಿರುವ ಗುಂಪಿನಲ್ಲಿರುವ ಎಲ್ಲರಿಗೂ ಒಂದು ಸಂಕೇತವನ್ನು ಕಳುಹಿಸುತ್ತದೆ. ಇದರ ಹೆಸರು ಸಿಗ್‌ಇಂಟ್, ಸಂಖ್ಯೆ 2. ಅಷ್ಟೇ ಅಲ್ಲ, ಎಂಟರ್ ಒತ್ತುವ ಮೊದಲು ನೀವು ಅರ್ಧ ಬರೆದಿದ್ದ ಸಾಲನ್ನೂ ಅದು ಸಾಮಾನ್ಯವಾಗಿ ಒರಸಿಹಾಕುತ್ತದೆ. ಅಕ್ಷರಗಳು ಪರದೆಯ ಮೇಲೆ ಕಾಣುತ್ತಿದ್ದರೂ ಯಂತ್ರದ ಮಟ್ಟಿಗೆ ಅವು ಇಲ್ಲ.

ಈ ಏರ್ಪಾಡು ಹೊಸದೇನಲ್ಲ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ 1969ರಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಆರಂಭಿಸಿದ ಯೂನಿಕ್ಸ್ ವ್ಯವಸ್ಥೆಯ ಬಳುವಳಿ ಇದು. 1979ರಲ್ಲಿ ಹೊರಬಂದ ಅದರ ಏಳನೆಯ ಆವೃತ್ತಿಯ ಜೊತೆಗೆ ಸ್ಟೀಫನ್ ಬೋರ್ನ್ ಅವರು ರಚಿಸಿದ ಶೆಲ್ ಬಂದಿತು. ಸಂಕೇತ ಬಂದಾಗ ಏನು ಮಾಡಬೇಕೆಂದು ಮೊದಲೇ ಹೇಳಿಡುವ ‘ಟ್ರ್ಯಾಪ್’ ಎಂಬ ಆಜ್ಞೆ ಅದರಲ್ಲಿ ಇತ್ತು. ಆಗ ತಡೆಯುವ ಕೀಲಿ ಡಿಲೀಟ್ ಆಗಿದ್ದಿತು. ಕಂಟ್ರೋಲ್-ಸಿ ರೂಢಿಯಾದದ್ದು ಅನಂತರ. 1989ರಲ್ಲಿ ಬ್ರಯನ್ ಫಾಕ್ಸ್ ಅವರ ಬ್ಯಾಷ್ ಬಂದಿತು. ಇಂದು ಲಿನಕ್ಸ್ ಇರುವ ಯಂತ್ರಗಳಲ್ಲಿ ಹೆಚ್ಚಾಗಿ ಕಾಣುವ ಶೆಲ್ ಇದೇ.

ಸ್ಕ್ರಿಪ್ಟು ಏನೂ ಹೇಳಿಡದೆ ಇದ್ದರೆ ಸಿಗ್‌ಇಂಟ್ ಬಂದೊಡನೆ ಅದು ಅಲ್ಲಿಗೇ ಸಾಯುತ್ತದೆ. ಅಂಥ ಮರಣಕ್ಕೆ ಶೆಲ್ 130 ಎಂಬ ಗುರುತನ್ನು ಹಾಕುತ್ತದೆ. 128ಕ್ಕೆ ಸಂಕೇತದ ಸಂಖ್ಯೆ 2ನ್ನು ಕೂಡಿಸಿದ ಮೊತ್ತ. ನಮ್ಮ ಓದುಗರ ಮಗಳು ಏನನ್ನೂ ಬರೆಯದೆ ಬಿಟ್ಟಿದ್ದರೆ ಆ ರಾತ್ರಿ ಕಡತ ಉಳಿಯುತ್ತಿತ್ತು! ಆದರೆ ಅವಳು ತಂದೆ ಗಾಬರಿಯಾಗಬಾರದೆಂದು ಒಂದು ಸೌಜನ್ಯದ ಮಾತನ್ನು ಸೇರಿಸಿದಳು: ಸಿಗ್‌ಇಂಟ್ ಬಂದರೆ ‘ನಿಲ್ಲಿಸಲಾಯಿತು’ ಎಂದು ಬರೆ. ಬರೆ ಎಂದಳು, ಬರೆದಾದ ಮೇಲೆ ಹೊರಡು ಎನ್ನಲಿಲ್ಲ.

ತೊಡಕಿನ ಗಂಟು ಇರುವುದು ಇಲ್ಲಿಯೇ. ಉತ್ತರವನ್ನು ಓದಿಕೊಳ್ಳುವ ಆಜ್ಞೆಗೆ ‘ರೀಡ್’ ಎಂದು ಹೆಸರು. ರೀಡ್ ಕಾದು ಕುಳಿತಿರುವಾಗ, ಟ್ರ್ಯಾಪ್ ಇಟ್ಟಿರುವ ಸಂಕೇತವೊಂದು ಬಂದರೆ, ಬ್ಯಾಷ್ ತನ್ನ ಸಾಮಾನ್ಯ ನಡೆಯಲ್ಲಿ ಟ್ರ್ಯಾಪಿನ ಕೆಲಸವನ್ನು ಮಾಡಿ ಮುಗಿಸಿ ಮತ್ತೆ ರೀಡಿಗೇ ಮರಳುತ್ತದೆ. ಜಗಲಿಯಲ್ಲಿ ಲೆಕ್ಕ ಬರೆಯುತ್ತ ಕುಳಿತ ಗುಮಾಸ್ತನು ಬಾಗಿಲು ತಟ್ಟಿದವರನ್ನು ವಿಚಾರಿಸಿ ಬಂದು, ಅದೇ ಮಣೆಯ ಮೇಲೆ ಕುಳಿತು ಅದೇ ಪ್ರಶ್ನೆಗೆ ಕಿವಿಗೊಡುವ ಹಾಗೆ. ಪ್ರಶ್ನೆಯ ಸಾಲು ಪರದೆಯ ಮೇಲೆ ಮತ್ತೊಮ್ಮೆ ಮೂಡುವುದೂ ಇಲ್ಲ. ನೋಡುವವರಿಗೆ ಕೆಲಸ ನಿಂತಿದೆ. ಯಂತ್ರಕ್ಕೆ ಪ್ರಶ್ನೆ ಇನ್ನೂ ತೆರೆದಿದೆ. ಆ ಸ್ಥಿತಿಯಲ್ಲಿ ಒತ್ತಿದ ಎಂಟರ್ ಕೀಲಿಯೇ ‘ಹೌದು’ ಎಂಬ ಉತ್ತರವಾಯಿತು.

ಪೋಸಿಕ್ಸ್ ಎಂಬ ಸರ್ವಸಾಮಾನ್ಯ ನಿಯಮಾವಳಿಯ ನಡೆಯಲ್ಲಿ ಬ್ಯಾಷನ್ನು ಓಡಿಸಿದರೆ ಹೀಗಾಗದು. ಅಲ್ಲಿ ರೀಡ್ ಅರ್ಧಕ್ಕೇ ಎದ್ದು, 128ನ್ನು ಮೀರಿದ ಸಂಖ್ಯೆಯೊಡನೆ ಹಿಂದಿರುಗುತ್ತದೆ. ಒಂದೇ ಸ್ಕ್ರಿಪ್ಟು ಎರಡು ನಡೆಗಳಲ್ಲಿ ಎರಡು ಬಗೆಯಾಗಿ ವರ್ತಿಸುವುದುಂಟು ಎಂಬುದನ್ನು ಬರೆಯುವವರು ನೆನಪಿನಲ್ಲಿಡಬೇಕು.

ಹಾಗಾದರೆ ಪರಿಹಾರವೇನು? ಅದಕ್ಕೆ ಮುನ್ನ ಪತ್ರ ಬಂದ ಊರಿನಿಂದಲೇ ಎರಡು ದೃಷ್ಟಾಂತಗಳನ್ನು ನೋಡಬಹುದು.

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಜಾತ್ರೆ ನಾಡಿಗೆಲ್ಲ ಪ್ರಸಿದ್ಧ. ದೊಡ್ಡ ರಥ ಹೊರಡುವ ಮುನ್ನ ಮುಕ್ತಿಬಾವುಟದ ಹರಾಜು ನಡೆಯುತ್ತದೆ. ಅದು ತೀರ್ಮಾನವಾದ ಮೇಲೆಯೇ ರಥ ಹೊರಡತಕ್ಕದ್ದು. ಸಾವಿರಾರು ಜನ ಹಗ್ಗದ ಕಡೆಗೆ ಕಣ್ಣಿಟ್ಟು ಕಾದಿರುತ್ತಾರೆ. ಎಷ್ಟೇ ಅವಸರವಿದ್ದರೂ ಸುಮ್ಮನೆ ನಿಂತವನ ಮೌನವನ್ನು ಕೂಗು ಎಂದು ಯಾರೂ ಎಣಿಸುವುದಿಲ್ಲ. ಬಾಯಿಬಿಟ್ಟು ಮೊತ್ತವನ್ನು ಹೇಳಿದವನದೇ ಸವಾಲು.

ಇನ್ನೊಂದು ದೃಷ್ಟಾಂತ ನಮ್ಮ ಕಾಲದ್ದು. ನಾಯಕನಹಟ್ಟಿಯ ಸಮೀಪದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಅದೇ ಸೀಮೆಯ ಕಾವಲು ಭೂಮಿಯಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ಕ್ಷೇತ್ರವೂ ಇದೆ. ಅದು 2017ರಲ್ಲಿ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಬೆಳಿಗ್ಗೆ ಇಸ್ರೋ ಸಂಸ್ಥೆಯು ರೆಕ್ಕೆಗಳುಳ್ಳ ಪುನರ್ಬಳಕೆಯ ವಾಹನವೊಂದನ್ನು ಇಲ್ಲಿ ಪರೀಕ್ಷಿಸಿತು. ವಾಯುಪಡೆಯ ಚಿನೂಕ್ ಹೆಲಿಕಾಪ್ಟರು ಅದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದಿತು. ಬಿಡುಗಡೆಯ ಆಜ್ಞೆಯನ್ನು ಕೊಟ್ಟದ್ದು ವಾಹನದೊಳಗಿನ ಗಣಕವೇ. ಸ್ಥಾನ, ವೇಗ, ಎತ್ತರ ಮುಂತಾದ ಹತ್ತು ಅಂಶಗಳು ಗೊತ್ತುಪಡಿಸಿದ ಮಿತಿಯೊಳಗೆ ಬಂದಾಗ ಮಾತ್ರವೇ ಅದು ‘ಬಿಡು’ ಎಂದಿತು; ವಾಹನ ತಾನಾಗಿ ತೇಲಿಬಂದು 7 ಗಂಟೆ 40 ನಿಮಿಷಕ್ಕೆ ಓಡುದಾರಿಯ ಮೇಲೆ ಇಳಿಯಿತು. 2024ರಲ್ಲಿ ಇನ್ನೂ ಎರಡು ಸಲ ಇದೇ ಕ್ಷೇತ್ರದಲ್ಲಿ ಇಂಥ ಪ್ರಯೋಗ ನಡೆಯಿತು. ಹಿಂದಕ್ಕೆ ತರಲಾಗದ ಹೆಜ್ಜೆಗೆ ಸ್ಪಷ್ಟವಾದ ಸಮ್ಮತಿ ಬೇಕು ಎಂಬ ತತ್ತ್ವ ಜಾತ್ರೆಯ ಬಯಲಿಗೂ ಪರೀಕ್ಷೆಯ ಬಯಲಿಗೂ ಒಂದೇ.

ಇನ್ನು ಪರಿಹಾರದ ಮಾತು.

ಮೊದಲನೆಯದಾಗಿ, ಖಾಲಿ ಎಂಟರ್ ಎಂದಿಗೂ ‘ಹೌದು’ ಆಗಬಾರದು. ಅಳಿಸುವ, ಮುಚ್ಚಿಹಾಕುವ, ಹಣ ಸಾಗಿಸುವ ಪ್ರಶ್ನೆಗಳಿಗೆ ‘ಹೌದು’ ಎಂಬ ಪೂರ್ತಿ ಶಬ್ದವನ್ನೇ ಕೇಳುವುದು ಲೇಸು. ಉಳಿದ ಯಾವ ಉತ್ತರವೂ, ಉತ್ತರವಿಲ್ಲದಿರುವುದೂ, ‘ಬೇಡ’ ಎಂದೇ ಗಣನೆಗೆ ಬರಲಿ.

ಎರಡನೆಯದಾಗಿ, ಟ್ರ್ಯಾಪಿನಲ್ಲಿ ನಿಲ್ಲಿಸಿದೆನೆಂದು ಹೇಳುವುದಾದರೆ ನಿಜವಾಗಿ ನಿಲ್ಲಿಸಬೇಕು. ಸಂದೇಶದ ಮುಂದೆಯೇ ‘ಎಕ್ಸಿಟ್ 130’ ಎಂದು ಬರೆದರೆ ಸ್ಕ್ರಿಪ್ಟು ಅಲ್ಲಿಂದ ಹೊರಡುತ್ತದೆ. ಈ ಸ್ಕ್ರಿಪ್ಟನ್ನು ಮತ್ತೊಂದು ಸ್ಕ್ರಿಪ್ಟು ಕರೆದಿದ್ದರೆ, ಕೆಲಸ ಮುಗಿದದ್ದಲ್ಲ, ನಡುವೆ ನಿಂತದ್ದು ಎಂದು ಅದು ಈ ಸಂಖ್ಯೆಯಿಂದ ತಿಳಿದುಕೊಳ್ಳಬಹುದು.

ಮೂರನೆಯದು, ರೀಡ್ ತಂದ ಉತ್ತರವನ್ನು ಮಾತ್ರ ನೋಡದೆ ರೀಡ್ ಗೆದ್ದಿತೋ ಸೋತಿತೋ ಎಂಬುದನ್ನೂ ನೋಡತಕ್ಕದ್ದು. ಕಂಟ್ರೋಲ್-ಡಿ ಒತ್ತಿದರೆ ಸಂಕೇತವೇನೂ ಹೊರಡುವುದಿಲ್ಲ. ‘ಇನ್ನು ಹೇಳುವುದೇನೂ ಇಲ್ಲ’ ಎಂದು ಅರ್ಥ. ಆಗ ರೀಡ್ ಸೋಲನ್ನು ಸೂಚಿಸಿ ಬರಿಗೈಯಲ್ಲಿ ಮರಳುತ್ತದೆ. ಬ್ಯಾಷಿನ ರೀಡಿಗೆ ಕಾಯುವ ಅವಧಿಯನ್ನು ಗೊತ್ತುಮಾಡಿದ್ದು, ಆ ಅವಧಿ ಕಳೆದರೆ, 128ನ್ನು ಮೀರಿದ ಸಂಖ್ಯೆ ಬರುತ್ತದೆ. ಇವೆರಡರಲ್ಲಿಯೂ ಕೈಗೆ ಬರುವುದು ಖಾಲಿ ಉತ್ತರವೇ ಆಗಬಹುದು. ಖಾಲಿಯನ್ನು ಸಮ್ಮತಿಯೆಂದು ತಿಳಿದರೆ ಮತ್ತೆ ಅದೇ ಅನಾಹುತ.

ನಾಲ್ಕನೆಯದು, ಮನೆಯನ್ನು ಗುಡಿಸಿ ಹೊರಡುವ ಕ್ರಮ. ಗುಪ್ತಪದವನ್ನು ಕೇಳುವ ಸ್ಕ್ರಿಪ್ಟುಗಳು ಬರೆದದ್ದು ಕಾಣದಿರಲೆಂದು ಪರದೆಯನ್ನು ಮೂಕಗೊಳಿಸುತ್ತವೆ. ಮಧ್ಯದಲ್ಲಿ ಎದ್ದು ಹೋಗುವಾಗ ಮಾತನ್ನು ಮರಳಿಸದಿದ್ದರೆ, ಆಮೇಲೆ ಏನು ಒತ್ತಿದರೂ ಕಣ್ಣಿಗೆ ಕಾಣದು. ಯಂತ್ರವೇ ಕೆಟ್ಟಿತೆಂದು ಜನ ಹೌಹಾರುತ್ತಾರೆ. ಕಾಣದಿದ್ದರೂ ‘ಎಸ್‌ಟಿಟಿವೈ ಸೇನ್’ ಎಂಬ ಆಜ್ಞೆಯನ್ನು ಒತ್ತಿ ಎಂಟರ್ ಕೊಟ್ಟರೆ ಮಾತು ಮರಳುತ್ತದೆ; ಇದನ್ನು ಮನೆಯವರೆಲ್ಲ ಬರೆದಿಟ್ಟುಕೊಳ್ಳಬಹುದು. ಸ್ಕ್ರಿಪ್ಟು ಬರೆಯುವವರಾದರೋ ಇಂಥ ಕೆಲಸಗಳನ್ನು, ತಾತ್ಕಾಲಿಕ ಕಡತಗಳನ್ನು ತೆಗೆಯುವುದನ್ನೂ ಸೇರಿಸಿ, ‘ಎಕ್ಸಿಟ್’ ಎಂಬ ಹೆಸರಿನ ಟ್ರ್ಯಾಪಿನಲ್ಲಿ ಇಟ್ಟರೆ, ಕೆಲಸ ಮುಗಿಸಿ ಹೊರಟರೂ ನಡುವೆ ಹೊರಟರೂ ಅದು ತಪ್ಪದೆ ನಡೆಯುತ್ತದೆ.

ಇಡೀ ಕಾರ್ಯಕ್ರಮವನ್ನು ನಿಲ್ಲಿಸುವುದು ಬೇಡ, ಈ ಒಂದು ಪ್ರಶ್ನೆಯನ್ನು ಮಾತ್ರ ಕೈಬಿಟ್ಟು ಮೊದಲಿನ ಪಟ್ಟಿಗೆ ಮರಳಬೇಕು ಎನ್ನುವವರೂ ಉಂಟು. ಅವರು ಪ್ರಶ್ನೆ ಕೇಳುವ ಕೆಲಸವನ್ನು ಒಂದು ಉಪಶೆಲ್ಲಿಗೆ ಒಪ್ಪಿಸಬಹುದು. ಯಜಮಾನನು ಇಟ್ಟ ಟ್ರ್ಯಾಪ್ ಉಪಶೆಲ್ಲಿಗೆ ದಾಟುವುದಿಲ್ಲವಾಗಿ, ಕಂಟ್ರೋಲ್-ಸಿ ಬಂದಾಗ ಪ್ರಶ್ನೆ ಕೇಳುತ್ತಿದ್ದ ಆಳು ಹೊರಟುಹೋಗುತ್ತಾನೆ. ಯಜಮಾನ ಉಳಿದು, ಆಳು ಬಿಟ್ಟುಹೋದ 130ನ್ನು ನೋಡಿ ಮುಂದಿನದನ್ನು ತೀರ್ಮಾನಿಸುತ್ತಾನೆ. ಆದರೆ ಒಂದು ಎಚ್ಚರಿಕೆ. ಟ್ರ್ಯಾಪಿನಲ್ಲಿ ಏನನ್ನೂ ಬರೆಯದೆ ಖಾಲಿ ಉದ್ಧರಣ ಚಿಹ್ನೆಗಳನ್ನು ಇಟ್ಟರೆ ಅದು ಸಂಕೇತಕ್ಕೆ ಕಿವುಡಾಗು ಎಂಬ ಆಜ್ಞೆ. ಆ ಕಿವುಡುತನ ಮಾತ್ರ ಆಳುಗಳಿಗೂ ವಂಶಪಾರಂಪರ್ಯವಾಗಿ ಇಳಿಯುತ್ತದೆ. ನಡುವೆ ಕೆಡಿಸಬಾರದ ಒಂದೆರಡು ಕ್ಷಣಗಳ ಕೆಲಸಕ್ಕೆ ಹೊರತು ಅದನ್ನು ಬಳಸಬಾರದು. ನಿಲ್ಲು ಎಂದರೆ ಕೇಳದ ಯಂತ್ರ ಯಾವ ಮನೆಗೂ ಬೇಡ.

ಕಡೆಯದಾಗಿ, ಟ್ರ್ಯಾಪಿಗೂ ಸಿಗದ ಸಂಕೇತವುಂಟು. ಒಂಬತ್ತನೆಯ ಸಂಖ್ಯೆಯ ಸಿಗ್‌ಕಿಲ್ ಯಾರ ಮಾತನ್ನೂ ಕೇಳದು. ವಿದ್ಯುತ್ತು ಹೋದಾಗಲಂತೂ ಯಾವ ಸಂಕೇತವೂ ಬರುವುದಿಲ್ಲ. ಆದಕಾರಣ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವ ಕ್ರಮವೇ ಸಲ್ಲದು. ಹೊಸ ಲೆಕ್ಕವನ್ನು ಬೇರೆ ಹೆಸರಿನಲ್ಲಿ, ಅದೇ ಸ್ಥಳದಲ್ಲಿ ಪೂರ್ತಿಯಾಗಿ ಬರೆದು, ಹಳೆಯದರ ಒಂದು ಪ್ರತಿಯನ್ನು ತಾರೀಖಿನೊಡನೆ ತೆಗೆದಿಟ್ಟು, ಆಮೇಲೆ ಹೆಸರನ್ನು ಬದಲಾಯಿಸಬೇಕು. ಹೆಸರು ಬದಲಾಯಿಸುವುದು ಒಂದೇ ಏಟಿಗೆ ಆಗುವ ಕೆಲಸ. ಅತ್ತ ಹಳೆಯದು ಇರುತ್ತದೆ, ಇಲ್ಲವೆ ಇತ್ತ ಹೊಸದು ಇರುತ್ತದೆ, ಅರ್ಧ ಬರೆದ ಕಡತ ಮಾತ್ರ ಆ ಹೆಸರಿನಲ್ಲಿ ಉಳಿಯದು. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ತಿಪ್ಪೇರುದ್ರಸ್ವಾಮಿಯ ಮಾತು ಆ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ನಡುವೆ ನಿಂತ ಸ್ಕ್ರಿಪ್ಟೂ ಮಾಡಿದಷ್ಟನ್ನೇ ಹೇಳಬೇಕು, ಮಾಡದುದನ್ನು ಮಾಡಿದೆನೆನ್ನಬಾರದು.

ತಪ್ಪು ಯಾರದೆಂಬ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ನಿಲ್ಲಿಸಲಾಯಿತು ಎಂದು ಓದಿ ನಂಬಿದ ತಂದೆಯದು ತಪ್ಪಲ್ಲ. ಹೇಳಿದ್ದನ್ನು ಹೇಳಿದಂತೆ ನಡೆಸಿದ ಯಂತ್ರದ್ದೂ ಅಲ್ಲ. ಮಗಳ ಬರವಣಿಗೆಯಲ್ಲಿ ಒಂದು ಶಬ್ದದ, ಒಂದು ಸಂಖ್ಯೆಯ ಕೊರತೆಯಿತ್ತು. ನುರಿತವರ ಕೈಯಲ್ಲಿಯೂ ತಪ್ಪಿಹೋಗುವ ಕೊರತೆ ಅದು. ಆ ಹುಡುಗಿಯನ್ನು ಮತ್ತೆ ಕೀಲಿಮಣೆಯ ಮುಂದೆ ಕೂರಿಸಿರಿ. ಲೆಕ್ಕದ ನಕಲು ಪ್ರತಿಯೊಂದನ್ನು ಕೊಟ್ಟು, ಸ್ಕ್ರಿಪ್ಟು ಕೇಳುವ ಒಂದೊಂದು ಪ್ರಶ್ನೆಯ ಎದುರಿಗೂ ಮೊದಲು ಕಂಟ್ರೋಲ್-ಸಿ, ಆಮೇಲೆ ಕಂಟ್ರೋಲ್-ಡಿ, ಆಮೇಲೆ ಬರಿಯ ಎಂಟರ್ ಒತ್ತಿ ನೋಡಲು ಹೇಳಿರಿ. ಮೂರರಲ್ಲಿಯೂ ಕಡತ ಉಳಿದರೆ ಆ ಸ್ಕ್ರಿಪ್ಟನ್ನು ಮನೆಯ ಲೆಕ್ಕಕ್ಕೆ ಧೈರ್ಯವಾಗಿ ಬಳಸಬಹುದು. ಕಿರ್ದಿ ಪುಸ್ತಕವನ್ನು ಮಾತ್ರ, ದಯವಿಟ್ಟು, ಬಿಡಬೇಡಿರಿ.